ಇಂಟರ್‌ಲಾಕ್ ಹಾಸಿನ ಅಡಿಯ ಜಲ್ಲಿ: ಟಿಪ್ಪರ್ ಸುರಿಯುವ ಮೊದಲೇ ಪರೀಕ್ಷಿಸಿ

ಗೇಟಿನಿಂದ ಪೋರ್ಟಿಕೋವರೆಗೆ ಇಂಟರ್‌ಲಾಕ್ ಬ್ಲಾಕ್ ಹಾಸಿಸುವವರು ಬ್ಲಾಕಿನ ಬಣ್ಣ ಆರಿಸಲು ಊರೆಲ್ಲ ಸುತ್ತುತ್ತಾರೆ; ಅದರಡಿಗೆ ಬೀಳುವ ಜಲ್ಲಿಯನ್ನು ಮಾತ್ರ ತಿರುಗಿಯೂ ನೋಡುವುದಿಲ್ಲ. ಒಂದೆರಡು ಮಳೆಗಾಲ ಕಳೆದು, ಕಾರಿನ ಚಕ್ರ ಹಾಯುವ ಜಾಗ ತಗ್ಗಾಗಿ ನೀರು ನಿಂತಾಗ ಬೈಗುಳ ಬೀಳುವುದು ಬ್ಲಾಕಿಗೆ. ಮನೆಯ ಕಾರಿಗೆ 60 ಮಿ.ಮೀ. ದಪ್ಪದ ಒಳ್ಳೆಯ ಬ್ಲಾಕು ಸಾಕು. ದೋಷ ಹೆಚ್ಚಾಗಿ ಇರುವುದು ಕೆಳಗೆ.

ದಾವಣಗೆರೆಯಲ್ಲಿ ಈ ಎಚ್ಚರ ಇನ್ನಷ್ಟು ಬೇಕು. ಇಲ್ಲಿನ ಎಷ್ಟೋ ಬಡಾವಣೆಗಳು ಎದ್ದಿರುವುದು ಹೊಲ ಗದ್ದೆಗಳ ಮೇಲೆ. ನೆಲ ಎರೆಯಾಗಿದ್ದರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗಟ್ಟಿ ಕೆಂಪು ನೆಲಕ್ಕೆ ದಮ್ಮಸು ಹೊಡೆದ 150 ಮಿ.ಮೀ. ಜಲ್ಲಿ ಪದರ ಸಾಮಾನ್ಯವಾಗಿ ಸಾಲುತ್ತದೆ. ಎರೆಯಾದರೆ ಮೊದಲು ಅದನ್ನು ಅಗೆದು ತೆಗೆದು, ಗರಸು ತುಂಬಿ ಗಟ್ಟಿ ಮಾಡಿಸಿ, ಆಮೇಲೆ ಜಲ್ಲಿಯ ಮಾತು.

ಕ್ರಷರ್‌ನಲ್ಲಿ ಕೇಳಬೇಕಾದದ್ದು ಜಿಎಸ್‌ಬಿ ಅಥವಾ ವೆಟ್‌ಮಿಕ್ಸ್, ಅಂದರೆ ರಸ್ತೆಯ ಅಡಿಪದರಕ್ಕೆ ಹಾಕುವ, ಹಲವು ಗಾತ್ರ ಬೆರೆತ ಜಲ್ಲಿ. ‘ಧೂಳಿಲ್ಲದ ಶುದ್ಧ ಜಲ್ಲಿ ಕೊಡಿ’ ಎನ್ನುವವರಿದ್ದಾರೆ. ಅದು ಕಾಂಕ್ರೀಟಿಗೆ ಸರಿ, ಇಲ್ಲಿಗಲ್ಲ. ಒಂದೇ ಗಾತ್ರದ 20 ಎಂಎಂ ಜಲ್ಲಿ ಮಂಡಕ್ಕಿ ರಾಶಿಯ ಹಾಗೆ, ಎಷ್ಟು ಒತ್ತಿದರೂ ನಡುವೆ ಟೊಳ್ಳು. ಮೇಲೆ ಹರಡಿದ ಮರಳು ನಿಧಾನವಾಗಿ ಆ ಟೊಳ್ಳಿಗೆ ಇಳಿದು ಬ್ಲಾಕು ಕೂರುತ್ತದೆ. ದಪ್ಪ ಕಲ್ಲಿನಿಂದ ಹಿಡಿದು ಕಲ್ಲಿನ ಪುಡಿಯವರೆಗೆ ಎಲ್ಲ ಗಾತ್ರವೂ ಬೆರೆತಿರಬೇಕು. ಧೂಳು ಬೇಕು, ಜೇಡಿ ಬೇಡ. ಎರಡೂ ಒಣಗಿದ್ದಾಗ ಒಂದೇ ತರಹ ಕಾಣುವುದರಿಂದಲೇ ಮೋಸಕ್ಕೆ ಅವಕಾಶ.

ಅದನ್ನು ಪತ್ತೆಹಚ್ಚಲು ಬೇಕಿರುವುದು ಒಂದು ಲೋಟ ನೀರು. ಲೋಡಿನ ಮೇಲ್ಭಾಗವನ್ನು ಬಿಟ್ಟು ಒಳಗಿನಿಂದ ಮೂರ್ನಾಲ್ಕು ಕಡೆ ಕೈಹಾಕಿ ಪುಡಿ ತೆಗೆದು, ಹಿಟ್ಟಿನ ಜರಡಿಯಲ್ಲಿ ಸೋಸಿ. ನುಣುಪಾದ ಪುಡಿಗೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ ಕಲಸಿ, ಗಾಜಿನ ಮೇಲಿಟ್ಟು ಅಂಗೈಯಿಂದ ಬತ್ತಿ ಹೊಸೆಯಿರಿ. ಅಪ್ಪಟ ಕಲ್ಲಿನ ಪುಡಿ ಬತ್ತಿಯಾಗುವುದೇ ಇಲ್ಲ, ಒಡೆದು ಉದುರುತ್ತದೆ. ಸುಮಾರು 3 ಮಿ.ಮೀ. ಸಣ್ಣ ಬತ್ತಿ ಬಿರುಕಿಲ್ಲದೆ ಸಲೀಸಾಗಿ ಬಂದರೆ, ಕೈಗೆ ಅಂಟು ಉಳಿದರೆ, ಅದರಲ್ಲಿ ಜೇಡಿ ಇದೆ. ಇದು ಅಜ್ಜಿ ಮದ್ದಲ್ಲ. ಪ್ರಯೋಗಾಲಯದಲ್ಲಿ ಮಣ್ಣಿನ ಪ್ಲಾಸ್ಟಿಸಿಟಿ, ಅಂದರೆ ಜೇಡಿಯಂತೆ ಮಿದುವಾಗಿ ಆಕಾರ ತಾಳುವ ಗುಣ, ಅಳೆಯುವಾಗಲೂ ಇದೇ 3 ಮಿ.ಮೀ. ಬತ್ತಿಯನ್ನೇ ಹೊಸೆಯುತ್ತಾರೆ. ಹೆದ್ದಾರಿ ಸಚಿವಾಲಯದ ನಿಯಮದಂತೆ ಜಿಎಸ್‌ಬಿಯ ನುಣುಪು ಭಾಗದ ಪ್ಲಾಸ್ಟಿಸಿಟಿ ಸೂಚ್ಯಂಕ 6 ಮೀರಬಾರದು.

ಅನುಮಾನ ಉಳಿದರೆ ಬಾಟಲಿ ಪರೀಕ್ಷೆ. ಪಾರದರ್ಶಕ ಬಾಟಲಿಗೆ ಮೂರನೇ ಒಂದು ಭಾಗ ಪುಡಿ, ಉಳಿದಷ್ಟು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಕುಲುಕಿ ರಾತ್ರಿಯಿಡೀ ಇಡಿ. ಮರಳು ಭಾಗ ನಿಮಿಷದೊಳಗೆ ತಳ ಸೇರುತ್ತದೆ. ಮೇಲೆ ಕೂರುವ ಕೆನೆಯಂಥ ಪದರವನ್ನು ಗಮನಿಸಿ, ಅದು ದಪ್ಪಗಿದ್ದಷ್ಟೂ ಜೇಡಿಯ ಅನುಮಾನ ಹೆಚ್ಚು. ನೀರುಂಡ ಆ ಪದರ ನಿಜಕ್ಕಿಂತ ದಪ್ಪವಾಗಿಯೇ ಕಾಣುವುದರಿಂದ, ಅದನ್ನೊಂದೇ ನೋಡಿ ಜಗಳಕ್ಕೆ ಹೋಗಬೇಡಿ. ಬತ್ತಿಯ ಸಾಕ್ಷಿಯೂ ಸೇರಿರಲಿ.

ಇನ್ನು ಕಲ್ಲು. ಚಿತ್ರದುರ್ಗದ ಸುತ್ತ ಕೋಟೆಯ ಗುಡ್ಡದಂಥ ಗ್ರಾನೈಟೂ ಇದೆ, ಪದರ ಪದರವಾಗಿ ಏಳುವ ಶಿಸ್ಟ್ ಕಲ್ಲೂ ಇದೆ. ಎರಡನೆಯದು ಚಪ್ಪಟೆ ಚೂರುಗಳಾಗಿ ಬರುತ್ತದೆ, ಯಂತ್ರದ ಒತ್ತಡಕ್ಕೆ ಮುರಿದು ಪುಡಿಯಾಗುತ್ತದೆ. ಹತ್ತಿಪ್ಪತ್ತು ಕಲ್ಲು ಆರಿಸಿ ಒಂದು ರಾತ್ರಿ ನೆನೆಸಿ, ಸುತ್ತಿಗೆಯಿಂದ ತಟ್ಟಿ. ಒಳ್ಳೆಯ ಕಲ್ಲು ಠಣ್ ಎನ್ನುತ್ತದೆ, ಮೂಲೆ ಚೂಪಾಗಿ ಒಡೆಯುತ್ತದೆ. ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಹಳದಿ, ಕಂದು ಕಲ್ಲು ಶಿಥಿಲಗೊಂಡದ್ದು. ಇಟ್ಟಿಗೆ ಚೂರು, ಗಾರೆ, ಬೇರು, ಪ್ಲಾಸ್ಟಿಕ್ ಕಂಡರೆ ಮಾತೇ ಬೇಡ, ಲೋಡು ಹಿಂದಿರುಗಲಿ.

ಸಮಯದ ವಿಚಾರದಲ್ಲಿ ಖಡಾಖಂಡಿತವಾಗಿರಿ. ಬತ್ತಿ ಹೊಸೆಯುವಷ್ಟು ಹೊತ್ತು ಟಿಪ್ಪರ್ ಕಾಯಲಿ. ನೆನೆಸುವ, ತಂಗಿಸುವ ಪರೀಕ್ಷೆಗಳಿಗೆ ಹಿಂದಿನ ದಿನವೇ ಕ್ರಷರ್‌ಗೆ ಹೋಗಿ ಒಂದು ಚೀಲ ಮಾದರಿ ತನ್ನಿ, ಬಂದ ಲೋಡನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿ. ಅಂಗಳದಲ್ಲಿ ಸುರಿದ ಮೇಲೆ ನಿಮ್ಮ ಮಾತಿಗೆ ಬೆಲೆಯಿಲ್ಲ.

ಮಾಲು ಒಳ್ಳೆಯದೆಂದು ಒಟ್ಟಿಗೇ 150 ಮಿ.ಮೀ. ಹರಡಿ ಯಂತ್ರ ಓಡಿಸಿದರೆ ಮೇಲ್ಮೈ ಮಾತ್ರ ಗಟ್ಟಿಯಾಗುತ್ತದೆ. ಸಣ್ಣ ಪ್ಲೇಟ್ ಕಾಂಪ್ಯಾಕ್ಟರ್‌ಗೆ 75ರಿಂದ 100 ಮಿ.ಮೀ. ಪದರವೇ ಮಿತಿ. ಹದವೂ ಮುಖ್ಯ: ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆ ನಿಲ್ಲಬೇಕು, ಆದರೆ ನೀರು ಜಿನುಗಬಾರದು. ಮುಗಿದ ಮೇಲೆ ಕಾರನ್ನೇ ನಿಧಾನವಾಗಿ ಓಡಿಸಿ ನೋಡಿ. ಚಕ್ರದ ಗುರುತು ಆಳವಾಗಿ ಬಿದ್ದರೆ, ನೆಲ ತೂಗಿದಂತೆ ಅನ್ನಿಸಿದರೆ ಅಲ್ಲಿ ಅಗೆಯಲೇಬೇಕು. ‘ಮರಳು ಹೆಚ್ಚು ಹಾಕಿ ಮಟ್ಟ ಮಾಡೋಣ ಬಿಡಿ ಸಾರ್’ ಎಂದು ಮೇಸ್ತ್ರಿ ಹೇಳಿದರೆ ಒಪ್ಪಬೇಡಿ. ಬ್ಲಾಕಿನಡಿಯ ಮರಳು 20ರಿಂದ 40 ಮಿ.ಮೀ. ಇದ್ದರೆ ಸಾಕು, ತಗ್ಗು ತುಂಬಬೇಕಾದದ್ದು ಜಲ್ಲಿಯಿಂದ.