ಗಂಟಿಲ್ಲದ ಎದೆಯಲ್ಲಿ ನಾನು ಏನು ಹುಡುಕುತ್ತೇನೆ

"ಗಂಟೇನೂ ಇಲ್ಲ ಡಾಕ್ಟ್ರೇ, ಸುಮ್ನೆ ತೋರಿಸೋಣ ಅಂತ ಬಂದೆ." ಎದೆಯ ದೂರು ಹೊತ್ತು ಬರುವವರಿಂದ ಈ ಮಾತು ಕೇಳಿದಾಗ ನಾನು ಸಮಾಧಾನ ಪಡುವುದಿಲ್ಲ. ಸ್ತನ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಗಂಟೇ ಮೊದಲ ಗುರುತು, ನಿಜ. ಆದರೆ ಚರ್ಮದಲ್ಲೋ ತೊಟ್ಟಿನಲ್ಲೋ ಕಂಕುಳಲ್ಲೋ ಮೊದಲು ಕಾಣಿಸಿಕೊಳ್ಳುವ ಬಗೆಗಳೂ ಇವೆ. ಗಂಟು ಸಿಗಲಿ ಎಂದು ಕಾದು ತಡವಾಗುವುದು ಇವುಗಳಲ್ಲೇ.

ಮುಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳುತ್ತೇನೆ. ಒಂದೇ ಬದಿಯೋ ಎರಡೂ ಬದಿಯೋ? ಎಷ್ಟು ವಾರದಿಂದ? ಮುಟ್ಟಿನ ಜೊತೆ ಹೆಚ್ಚು ಕಡಿಮೆ ಆಗುತ್ತದೆಯೇ? ಈಚೆಗೆ ರವಿಕೆ ಒಂದು ಕಡೆ ಮಾತ್ರ ಬಿಗಿಯಾಗುತ್ತಿದೆಯೇ? "ಎದೆ ದಪ್ಪ ಆಗಿದೆಯಾ" ಎಂದರೆ ಇಲ್ಲ ಅನ್ನುವವರೂ ಕೊನೆಯ ಪ್ರಶ್ನೆಗೆ ಯೋಚಿಸಿ ಹೌದು ಅನ್ನುತ್ತಾರೆ.

ಆಮೇಲೆ ನೋಟ. ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಬೆಳಕಿನಲ್ಲಿ ಸಣ್ಣ ಕುಳಿ ಕಾಣುವುದೇ ಇಲ್ಲ, ಕಿಟಕಿಯ ಓರೆ ಬೆಳಕು ಬೇಕು. ಮಹಿಳಾ ಸಿಬ್ಬಂದಿ ಜೊತೆಗಿರುತ್ತಾರೆ, ಎರಡೂ ಎದೆ ಒಟ್ಟಿಗೆ ಕಾಣುವಂತೆ ಕೂರಿಸುತ್ತೇನೆ. ಸೆರಗು ಸರಿಸಿ ದೂರಿರುವ ಬದಿಯನ್ನಷ್ಟೇ ನೋಡಿದರೆ ಹೋಲಿಸಲು ಏನೂ ಉಳಿಯದು. ಕೈ ಇಳಿಬಿಟ್ಟು, ಕೈ ಮೇಲೆತ್ತಿ, ಮುಂದಕ್ಕೆ ಬಾಗಿ, ಹೀಗೆ ಮೂರು ಭಂಗಿ. ನಾಲ್ಕನೆಯದು "ಅಮ್ಮಾ, ಎರಡೂ ಕೈ ಸೊಂಟದ ಮೇಲಿಟ್ಟು ಗಟ್ಟಿಯಾಗಿ ಒತ್ತಿ". ಈ ನಾಲ್ಕನೆಯದನ್ನು ಬಿಡಲೇಬಾರದು. ಚರ್ಮವನ್ನು ಒಳಗಿನ ಪೊರೆಗೆ ಕಟ್ಟಿಹಿಡಿಯುವ ನಾರುಗಳನ್ನು ಗಡ್ಡೆ ಎಳೆದಿದ್ದರೆ, ಎದೆಯ ಸ್ನಾಯು ಬಿಗಿದಾಗ ಅದುವರೆಗೆ ಕಾಣದಿದ್ದ ಕುಳಿ ಬೀಳುತ್ತದೆ.

ನನಗೆ ಹೆಚ್ಚು ಆತಂಕ ತರುವುದು ಕೆಂಪಾಗಿ ಊದಿದ ಎದೆ. ಬಾಣಂತಿಯಲ್ಲಿ ಅದು ಬಹುಪಾಲು ಹಾಲು ಕಟ್ಟಿ ಆದ ಬಾವೇ. ಜ್ವರ ಬರುತ್ತದೆ, ಮುಟ್ಟಲಾರದಷ್ಟು ನೋವಿರುತ್ತದೆ. ಹಾಲು ಖಾಲಿ ಮಾಡಿಸಿ ಆಂಟಿಬಯೋಟಿಕ್ ಕೊಟ್ಟರೆ ಎರಡು ಮೂರು ದಿನದಲ್ಲಿ ಇಳಿಮುಖವಾಗುತ್ತದೆ. ಉರಿಯೂತದ ಬಗೆಯ ಕ್ಯಾನ್ಸರ್ ನೋಡಲು ಹಾಗೆಯೇ ಇರುತ್ತದೆ. ಆದರೆ ಸಾಮಾನ್ಯವಾಗಿ ಜ್ವರವಿರದು, ಕೆಂಪು ಎದೆಯ ಮೂರನೇ ಒಂದು ಭಾಗವನ್ನಾದರೂ ಆವರಿಸುತ್ತದೆ, ಎದೆ ಭಾರವಾಗಿ ಬೆಚ್ಚಗಿರುತ್ತದೆ, ಕೆಲವೇ ವಾರ ಅಥವಾ ತಿಂಗಳಲ್ಲಿ ಬೆಳೆದಿರುತ್ತದೆ. ಕೈಗೆ ಗಂಟು ಸಿಗದೇ ಇರಬಹುದು. ಕ್ಯಾನ್ಸರ್ ಕಣಗಳು ಚರ್ಮದ ದುಗ್ಧರಸ (ಲಿಂಫ್) ನಾಳಗಳನ್ನು ಮುಚ್ಚುವುದರಿಂದ ಚರ್ಮದಲ್ಲಿ ನೀರು ನಿಲ್ಲುತ್ತದೆ, ರೋಮದ ಬುಡಗಳು ಮಾತ್ರ ಕೆಳಗೇ ಉಳಿಯುತ್ತವೆ. ಕಿತ್ತಳೆ ಸಿಪ್ಪೆಯ ಹಾಗೆ ಚುಕ್ಕಿ ಚುಕ್ಕಿ ಕುಳಿಗಳು ಕಾಣುವುದು ಇದರಿಂದ. ನಮ್ಮ ಮೈಬಣ್ಣದಲ್ಲಿ ಕೆಂಪು ಕೆಂಪಾಗಿಯೇ ಕಾಣಬೇಕೆಂದಿಲ್ಲ, ಕಂದು ಅಥವಾ ನೇರಳೆ ಛಾಯೆಯಾಗಿ ಕಾಣಬಹುದು. ಹಾಗಾಗಿ ಬಣ್ಣಕ್ಕಿಂತ ಚರ್ಮದ ದಪ್ಪ ಮತ್ತು ಕುಳಿಗಳನ್ನು ನಂಬುತ್ತೇನೆ. ಎರಡೂ ಎದೆಯ ಚರ್ಮವನ್ನು ಒಂದೇ ಜಾಗದಲ್ಲಿ ಬೆರಳಲ್ಲಿ ಚಿವುಟಿ ಹಿಡಿದರೆ ದಪ್ಪದ ವ್ಯತ್ಯಾಸ ತಿಳಿಯುತ್ತದೆ.

ಇಲ್ಲಿ ನನ್ನ ಕ್ರಮ ಕಟ್ಟುನಿಟ್ಟು. ಕೆಂಪಿನ ಅಂಚನ್ನು ಪೆನ್ನಿನಿಂದ ಗುರುತು ಮಾಡಿ, ಒಪ್ಪಿಗೆ ಪಡೆದು ಅವರದೇ ಫೋನಿನಲ್ಲಿ ಫೋಟೊ ತೆಗೆಸುತ್ತೇನೆ. 7ರಿಂದ 10 ದಿನದ ಒಂದೇ ಕೋರ್ಸ್ ಆಂಟಿಬಯೋಟಿಕ್, ಮರಳಿ ಬರುವ ತಾರೀಕು ಚೀಟಿಯ ಮೇಲೆ. ಪೂರ್ತಿ ಇಳಿಯದಿದ್ದರೆ ಎರಡನೇ ಕೋರ್ಸ್ ಬರೆಯುವುದಿಲ್ಲ, ಬಯಾಪ್ಸಿಗೆ, ಅಂದರೆ ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆಗೆ, ಕಳಿಸುತ್ತೇನೆ. "ಸ್ವಲ್ಪ ಕಡಿಮೆ ಆಗಿದೆ" ಎಂಬ ಮಾತೇ ತಿಂಗಳುಗಳನ್ನು ನುಂಗುವುದು. ಹಾಲೂಡಿಸದ ಹೆಂಗಸಿನಲ್ಲಿ ಇಂಥ ಬಾವು ಕಂಡರೆ ಮೊದಲ ದಿನವೇ ಸ್ಕ್ಯಾನಿಂಗ್. ಕ್ಷಯದ ಬಾವು, ಗ್ರಾನ್ಯುಲೊಮಾ (ಉರಿಯೂತದ ಕಣಗಳು ಸಣ್ಣ ಗಂಟಾಗಿ ಕಟ್ಟುವ) ಬಗೆಯ ಬಾವು ಕೂಡ ನಮ್ಮಲ್ಲಿವೆ, ಅವನ್ನು ಬೇರ್ಪಡಿಸಲೂ ಬಯಾಪ್ಸಿಯೇ ಬೇಕು. ಕೀವು ತೆಗೆಯಲು ಕೊಯ್ದರೆ ಬಾವಿನ ಒಳಗೋಡೆಯ ಒಂದು ಚೂರನ್ನು ಪರೀಕ್ಷೆಗೆ ಕಳಿಸಬೇಕು. ಕೀವು ಚೆಲ್ಲಿ ಡ್ರೆಸ್ಸಿಂಗ್ ಮಾಡಿ ಕಳಿಸಿದರೆ ಸಿಕ್ಕ ಅವಕಾಶ ಕೈಬಿಟ್ಟಂತೆ.

ತೊಟ್ಟಿನ ಮೇಲಿನ ಕಜ್ಜಿ ಎರಡನೆಯದು. ಕ್ಯಾನ್ಸರಿನಿಂದ ಆಗುವ ಇಂಥ ಕಜ್ಜಿಯನ್ನು 1874ರಲ್ಲಿ ಅದನ್ನು ವಿವರಿಸಿದ ಜೇಮ್ಸ್ ಪ್ಯಾಜೆಟ್ ಹೆಸರಿನಲ್ಲೇ ಕರೆಯುತ್ತೇವೆ. ಇಸುಬು ಸಾಮಾನ್ಯವಾಗಿ ತೊಟ್ಟಿನ ಸುತ್ತಲಿನ ಕಪ್ಪು ವರ್ತುಲದಲ್ಲಿ ಶುರುವಾಗುತ್ತದೆ, ಅನೇಕ ಸಲ ಎರಡೂ ಬದಿ ಇರುತ್ತದೆ, ತುರಿಕೆ ಜೋರು. ಪ್ಯಾಜೆಟ್ ತೊಟ್ಟಿನಲ್ಲೇ ಶುರುವಾಗಿ ಹೊರಕ್ಕೆ ಹರಡುತ್ತದೆ, ಒಂದೇ ಬದಿ. ಹೆಕ್ಕಳಿಕೆ, ರಸಿಕೆ, ಕ್ರಮೇಣ ತೊಟ್ಟು ಸವೆದು ಚಪ್ಪಟೆಯಾಗುವುದು. ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ಇದೂ ಕೊಂಚ ವಾಸಿಯಾದಂತೆ ಕಾಣುತ್ತದೆ, ಬಿಟ್ಟರೆ ಮರಳುತ್ತದೆ. ಎರಡು ವಾರದ ಮೇಲೆ ಮುಲಾಮು ಮುಂದುವರಿಸದೆ ತೊಟ್ಟಿನ ಚರ್ಮದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು ಸರಿ. ಮ್ಯಾಮೊಗ್ರಾಂ (ಎದೆಯ ಎಕ್ಸ್‌ರೇ) ಸ್ವಚ್ಛವಾಗಿ ಬಂದರೂ ಇದನ್ನು ಬಿಡಬಾರದು.

ತೊಟ್ಟಿನಿಂದ ಸೋರುವುದಕ್ಕೆ ಬಿಳಿ ಗಾಜ್ ಬಟ್ಟೆ ಒತ್ತಿ ಬಣ್ಣ ನೋಡುತ್ತೇನೆ. ಬರಿಗಣ್ಣಿಗೆ ಕಪ್ಪೆನಿಸಿದ್ದು ಬಿಳಿ ಬಟ್ಟೆಯ ಮೇಲೆ ಕಡು ಹಸಿರೋ ರಕ್ತವೋ ಗೊತ್ತಾಗುತ್ತದೆ. ಹಿಂಡಿದಾಗ ಮಾತ್ರ, ಎರಡೂ ಬದಿ, ಹಲವು ರಂಧ್ರಗಳಿಂದ ಹಾಲಿನಂತೆಯೋ ಹಸಿರಾಗಿಯೋ ಬಂದರೆ ಸಾಮಾನ್ಯವಾಗಿ ಕ್ಯಾನ್ಸರಲ್ಲ. ತಾನಾಗಿ, ಒಂದೇ ರಂಧ್ರದಿಂದ, ರಕ್ತವಾಗಿಯೋ ನೀರಿನಂತೆ ತಿಳಿಯಾಗಿಯೋ ಬಂದು ರವಿಕೆಯ ಒಳಗೆ ಕಲೆಯಾಗಿದ್ದರೆ ಪರೀಕ್ಷೆ ಬೇಕೇ ಬೇಕು. ರಕ್ತ ಸೋರಲು ಹೆಚ್ಚಿನ ಸಲ ಕಾರಣ ನಾಳದೊಳಗಿನ ನಿರಪಾಯ ಗುಳ್ಳೆ, ಪ್ಯಾಪಿಲೊಮಾ. ಅದನ್ನು ಅವರಿಗೆ ಮೊದಲೇ ಹೇಳುತ್ತೇನೆ, ಇಲ್ಲದಿದ್ದರೆ ಭಯಕ್ಕೆ ಮತ್ತೆ ಬರುವುದೇ ಇಲ್ಲ. ಹುಟ್ಟಿನಿಂದ ಒಳಸರಿದ ತೊಟ್ಟು ಚಿಂತೆಯಲ್ಲ. ಈಚೆಗೆ, ಒಂದೇ ಬದಿ ಒಳಸರಿದದ್ದು ಚಿಂತೆ.

ಲೋಬ್ಯುಲರ್ ಎಂಬ ಬಗೆಯ ಕ್ಯಾನ್ಸರ್ ಬೆರಳಿಗೂ ಮೋಸ ಮಾಡುತ್ತದೆ, ಮ್ಯಾಮೊಗ್ರಾಂಗೂ. ಅದರ ಕಣಗಳು ಒಂದಕ್ಕೊಂದು ಅಂಟದೆ ಸಾಲಾಗಿ ಹರಡುವುದರಿಂದ ಅನೇಕ ಸಲ ಗಡ್ಡೆ ಕಟ್ಟುವುದಿಲ್ಲ, ಒಂದು ಭಾಗ ಮಂದವಾದಂತೆ ಅನಿಸುತ್ತದೆ ಅಷ್ಟೇ. ಮುಟ್ಟು ಶುರುವಾದ 7ರಿಂದ 10ನೇ ದಿನದೊಳಗೆ ಮಲಗಿಸಿ ನೋಡುವುದು ಇದಕ್ಕಾಗಿಯೇ, ಆಗ ಎದೆ ಮೆತ್ತಗಿರುತ್ತದೆ. ನಡುವಿನ ಮೂರು ಬೆರಳಿನ ಮೆತ್ತನೆ ಭಾಗದಿಂದ ಸಣ್ಣ ಸುತ್ತು. ಪ್ರತಿ ಜಾಗದಲ್ಲೂ ಹಗುರ, ಮಧ್ಯಮ, ಆಳ ಎಂದು ಮೂರು ಒತ್ತಡ. ಕೊರಳೆಲುಬಿನಿಂದ ಎದೆಯ ಕೆಳಗಿನ ಮಡಿಕೆವರೆಗೆ ಲಂಬ ಪಟ್ಟಿಗಳಲ್ಲಿ. ಒಂದು ಬದಿಗೆ 3 ನಿಮಿಷಕ್ಕಿಂತ ಕಡಿಮೆಯಾದರೆ ಬೆರಳು ಓಡಿಸಿದಂತಾಗುತ್ತದೆ. ಕಂಕುಳು ನೋಡುವಾಗ ಅವರ ತೋಳಿನ ಭಾರ ನನ್ನ ಕೈಮೇಲಿರಬೇಕು, ತೋಳು ಬಿಗಿದಿದ್ದರೆ ಒಳಗಿನ ಗ್ರಂಥಿ ಸಿಗದು.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆ ಇನ್ನೂ ಇದೆ. ಹರಡುತ್ತದೆಂದು ಪರೀಕ್ಷೆ ತಪ್ಪಿಸುವುದರಿಂದಲೇ ಹಾನಿ. ಬಯಾಪ್ಸಿಗೆ ಸಾಮಾನ್ಯವಾಗಿ 14 ಗೇಜಿನ ಸೂಜಿ, ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್, ಎದೆಯ ಒಳಗಿನಿಂದ ನಾಲ್ಕೈದು ಎಳೆ ಚೂರು. ಅವನ್ನು ಸಲೈನ್‌ನಲ್ಲಿ ಬಿಡದೆ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ (ಚೂರು ಕೆಡದಂತೆ ಇಡುವ ದ್ರಾವಣಕ್ಕೆ) ಹಾಕಬೇಕು. ತಡವಾದರೆ ಹಾರ್ಮೋನ್ ಗ್ರಾಹಕಗಳ (ಹಾರ್ಮೋನ್ ಬಂದು ಅಂಟುವ, ಕ್ಯಾನ್ಸರ್ ಕಣದಲ್ಲಿನ ಪ್ರೋಟೀನುಗಳ) ಪರೀಕ್ಷೆ ತಪ್ಪು ಫಲಿತಾಂಶ ಕೊಡಬಹುದು, ಔಷಧದ ಆಯ್ಕೆಯೇ ತಪ್ಪುತ್ತದೆ.

ಬೆಂಗಳೂರಿನ ಕಿದ್ವಾಯಿಗೋ ಹತ್ತಿರದ ಕ್ಯಾನ್ಸರ್ ಆಸ್ಪತ್ರೆಗೋ ಬರೆಯುವ ಚೀಟಿಯಲ್ಲಿ "ಎದೆ ನೋವು" ಎಂದು ಬರೆದರೆ ಆಕೆ ಸಾಲಿನ ಕೊನೆಗೆ ಹೋಗಬಹುದು. ನಾನು ಬರೆಯುವುದು ಹೀಗೆ: ಎಡ ಎದೆ, ಗಡಿಯಾರದ 2 ಗಂಟೆ ದಿಕ್ಕು, ತೊಟ್ಟಿನಿಂದ 4 ಸೆಂ.ಮೀ. ದೂರ, ಚರ್ಮ ದಪ್ಪ, ಕಿತ್ತಳೆ ಸಿಪ್ಪೆಯಂಥ ಕುಳಿ, 5 ವಾರದಿಂದ, ಆಂಟಿಬಯೋಟಿಕ್ 10 ದಿನ ಆಗಿದೆ, ಇಳಿದಿಲ್ಲ, ಹಾಲೂಡಿಸುತ್ತಿಲ್ಲ.