ಹೊಸ ಮೀನು ಸಿಕ್ಕಿತೇ? ಹೆಸರಿಡುವ ಮುಂಚೆ ಇಷ್ಟು ಮಾಡಿ

ಹೊಳೆಯಿಂದ ಬಲೆ ಎತ್ತುತ್ತೀರಿ. ಹಿಂದೆಂದೂ ಕಾಣದ ಮೀನೊಂದು ಅದರಲ್ಲಿ ಮಿನುಗುತ್ತದೆ. ಖುಷಿಯಾಗುತ್ತದೆ, ಅಲ್ವಾ? ಆದರೆ ನಾವು ನೋಡಿಲ್ಲ ಎಂದ ಮಾತ್ರಕ್ಕೆ ಅದು ಹೊಸ ಪ್ರಭೇದ ಆಗಿಬಿಡುವುದಿಲ್ಲ. ಗಂಡು, ಹೆಣ್ಣು, ಮರಿ ಒಂದೊಂದೂ ಬೇರೆ ಬಣ್ಣದಲ್ಲಿರುವ ಮೀನುಗಳು ಬೇಕಾದಷ್ಟಿವೆ. ಈ ಕೆಲಸದಲ್ಲಿ ಜಾಸ್ತಿ ಸಮಯ ಹಿಡಿಯುವುದು ‘ಇದು ಹಳೆಯದಲ್ಲ’ ಎಂದು ತೋರಿಸುವುದಕ್ಕೇ.

ಮೊದಲು ಮೀನು ಹಿಡಿಯಲು ಅನುಮತಿ ಪಡೆಯಿರಿ. ಒಂದೇ ಮೀನು ಸಾಲದು, ಚಿಕ್ಕದು ದೊಡ್ಡದು ಎರಡೂ ಬೇಕು. ಹಾಗಂತ ಬಲೆಗೆ ಬಿದ್ದದ್ದನ್ನೆಲ್ಲ ತರಬೇಡಿ. ಆ ಮೀನು ಅದೊಂದೇ ಹೊಳೆಯಲ್ಲಿ ಇರಬಹುದು. ಸಿಕ್ಕಿದ ಜಾಗ, ದಿನಾಂಕ, ನೀರಿನ ಹರಿವು, ತಳದಲ್ಲಿ ಮರಳೋ ಕಲ್ಲೋ ಎಲ್ಲವನ್ನೂ ಅಲ್ಲೇ ಬರೆದುಕೊಳ್ಳಿ.

ಮೀನು ಜೀವಂತ ಇರುವಾಗಲೇ ಸಣ್ಣ ಗಾಜಿನ ತೊಟ್ಟಿಯಲ್ಲಿಟ್ಟು ಎಡಮಗ್ಗುಲಿನ ಫೋಟೊ ತೆಗೆಯಿರಿ. ಸತ್ತ ಮೇಲೆ ಬಣ್ಣ ಬೇಗ ಮಾಸುತ್ತದೆ. ನಂತರ ಅರಿವಳಿಕೆ ಕೊಟ್ಟು, ನೋವಾಗದಂತೆ ಕೊನೆಗಾಣಿಸಬೇಕು. ಬಲಮಗ್ಗುಲಿನ ಮಾಂಸದ ಚೂರೊಂದನ್ನು ಶುದ್ಧ ಆಲ್ಕೋಹಾಲ್‌ಗೆ ಹಾಕಿಡಿ. ಮೀನನ್ನು ಫಾರ್ಮಾಲಿನ್‌ಗೆ, ಅಂದರೆ ಮೈ ಕೊಳೆಯದಂತೆ ಕಾಪಾಡುವ ದ್ರಾವಣಕ್ಕೆ ಹಾಕುವ ಮುಂಚೆಯೇ ಇದು ಆಗಬೇಕು. ಫಾರ್ಮಾಲಿನ್ ತಾಗಿದರೆ ಡಿಎನ್‌ಎ ಹಾಳಾಗುತ್ತದೆ. ಆಮೇಲೆ ಮೀನನ್ನು ಶೇ 10ರ ಫಾರ್ಮಾಲಿನ್‌ನಲ್ಲಿ ಕೆಲವು ದಿನ ಇಟ್ಟು, ತೊಳೆದು, ಶೇ 70ರ ಆಲ್ಕೋಹಾಲ್‌ಗೆ ಹಾಕಬೇಕು. ಕೈಗವಸು ಮರೆಯಬೇಡಿ.

ಇನ್ನು ಎಣಿಕೆ. ನನಗೆ ಈ ಹಂತವೇ ತುಂಬಾ ಇಷ್ಟ. ಮೀನನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಗಾಳಿ ಊದಿ ಮೈಮೇಲಿನ ದ್ರವವನ್ನು ಒಂಚೂರು ಒಣಗಿಸಿದರೆ ಹುರುಪೆಗಳ ಅಂಚು ಎದ್ದು ಕಾಣುತ್ತದೆ. ಮೈ ಪಕ್ಕದಲ್ಲಿ ಸಣ್ಣ ತೂತುಗಳಿರುವ ಹುರುಪೆಗಳ ಸಾಲೊಂದಿದೆ. ಕಿವಿರಿನ ಮುಚ್ಚಳದ ಹಿಂದಿನಿಂದ ಬಾಲದ ಬುಡದವರೆಗೆ, ಸೂಜಿಯ ಮೊನೆಯಲ್ಲಿ ಒಂದೊಂದನ್ನೇ ಮುಟ್ಟುತ್ತಾ ಎಣಿಸಿ. ಬೆನ್ನಿನ ರೆಕ್ಕೆಯ ಕಡ್ಡಿಗಳನ್ನು ಎಣಿಸುವಾಗ ಹುಷಾರು. ಕೊನೆಯ ಎರಡು ಕಡ್ಡಿಗಳು ಒಂದೇ ಬುಡದಿಂದ ಕವಲೊಡೆದಿದ್ದರೆ ಸಾಮಾನ್ಯವಾಗಿ ಅದನ್ನು ಒಂದೇ ಎಂದು ಲೆಕ್ಕ ಹಾಕುತ್ತಾರೆ. ನೀವು ಹೇಗೆ ಎಣಿಸಿದಿರಿ ಎಂಬುದನ್ನೂ ಬರೆಯಿರಿ. ಉದ್ದವನ್ನು ಮೂತಿಯ ತುದಿಯಿಂದ ಬಾಲದ ರೆಕ್ಕೆಯ ಬುಡದವರೆಗೆ ಅಳೆಯಿರಿ. ರೆಕ್ಕೆಯ ತುದಿ ಹರಿದಿರುವುದುಂಟು, ಅದನ್ನು ನಂಬಲಾಗದು.

ಆಮೇಲೆ ಹೋಲಿಕೆ. ಇದಕ್ಕೆ ಹತ್ತಿರದ ಪ್ರತಿಯೊಂದು ಪ್ರಭೇದದ ಮೊದಲ ವಿವರಣೆಯನ್ನೂ ಓದಬೇಕು, ಎಷ್ಟೇ ಹಳೆಯದಾಗಿರಲಿ. ಕ್ಯಾಲಿಫೋರ್ನಿಯಾ ವಿಜ್ಞಾನ ಅಕಾಡೆಮಿಯ ಮೀನುಗಳ ಕ್ಯಾಟಲಾಗ್ ಆನ್‌ಲೈನ್‌ನಲ್ಲೇ ಸಿಗುತ್ತದೆ. ಯಾರೋ ಎಂದೋ ಇಟ್ಟು, ಬಳಕೆ ತಪ್ಪಿದ ಹೆಸರೊಂದು ನಿಮ್ಮ ಮೀನಿನದ್ದೇ ಆಗಿರಬಹುದು. ಸಾಧ್ಯವಾದರೆ ಮ್ಯೂಸಿಯಂನ ಮೂಲ ಮಾದರಿಗಳನ್ನೇ ನೋಡಿ. ಸಿಒಐ ಎಂಬ ಜೀನ್‌ನ ಸುಮಾರು 650 ಡಿಎನ್‌ಎ ಅಕ್ಷರಗಳನ್ನು ಪ್ರಯೋಗಾಲಯದಲ್ಲಿ ಓದಿಸಿ ಹೋಲಿಸುವುದೂ ರೂಢಿ. ಆದರೆ ಬರೀ ಡಿಎನ್‌ಎ ನಂಬಿ ಕೂರಬಾರದು. ಮೈಯಲ್ಲೂ ವ್ಯತ್ಯಾಸ ಕಾಣಬೇಕು.

ಹೋಲಿಕೆ ತಪ್ಪಿದರೆ ಏನಾಗುತ್ತದೆ? ಮೈಯೆಲ್ಲ ಪಾರದರ್ಶಕವಾದ ಪುಟಾಣಿ ಮೀನೊಂದನ್ನು ಮಿದುಳಿನ ಸಂಶೋಧಕರು ಡ್ಯಾನಿಯೊನೆಲ್ಲಾ ಟ್ರಾನ್ಸ್‌ಲುಸಿಡಾ ಎಂದೇ ಕರೆಯುತ್ತಿದ್ದರು. ಅದು ಬೇರೆಯೇ ಪ್ರಭೇದ ಎಂದು 2021ರಲ್ಲಿ ಗೊತ್ತಾಯಿತು. ಈಗ ಅದರ ಹೆಸರು ಡ್ಯಾನಿಯೊನೆಲ್ಲಾ ಸೆರೆಬ್ರಮ್. ಪ್ರಯೋಗಾಲಯದ ತೊಟ್ಟಿಯಲ್ಲಿ ದಿನವೂ ಕಣ್ಣೆದುರೇ ಈಜುತ್ತಿದ್ದ ಮೀನು ಅದು!

ಕೊನೆಗೆ ಹೆಸರು. ಕುಲ, ಪ್ರಭೇದ ಎಂದು ಎರಡು ಪದ. ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲಿ ಹಾಕಿದ ದಾರಿಯೇ ಇಂದಿಗೂ ನಡೆದಿದೆ. ಗಂಡಸಿನ ಹೆಸರಿಟ್ಟರೆ ಸಾಮಾನ್ಯವಾಗಿ ಕೊನೆಗೆ ‘ಐ’ (i), ಹೆಂಗಸಿನದಾದರೆ ‘ಏ’ (ae) ಸೇರುತ್ತದೆ. ತಮ್ಮ ಹೆಸರನ್ನೇ ಇಟ್ಟುಕೊಳ್ಳುವುದು ಚೆಂದವಲ್ಲ. ಮೀನಿನ ಗುರುತನ್ನೋ ಹೊಳೆಯನ್ನೋ ನೆನಪಿಸುವ ಹೆಸರು ನನಗೆ ಇಷ್ಟ. ಒಂದು ಮೀನನ್ನು ಹೊಲೊಟೈಪ್, ಅಂದರೆ ಆ ಹೆಸರಿಗೆ ಆಧಾರವಾಗುವ ಮಾದರಿ ಎಂದು ಆರಿಸಿ, ಮಿಕ್ಕವುಗಳ ಜೊತೆ ಮ್ಯೂಸಿಯಂಗೆ ಕೊಟ್ಟು, ನೋಂದಣಿ ಸಂಖ್ಯೆಯನ್ನು ಪ್ರಬಂಧದಲ್ಲಿ ಸೇರಿಸಿ. ಆನ್‌ಲೈನ್‌ನಲ್ಲಿ ಮಾತ್ರ ಪ್ರಕಟವಾಗುವುದಾದರೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಾಯಿಸಲೇಬೇಕು. ಪ್ರಬಂಧ ಪ್ರಕಟವಾಗುವವರೆಗೆ ಆ ಹೆಸರನ್ನು ಎಲ್ಲೂ ಬಾಯಿಬಿಡಬೇಡಿ.