ಹಸಿರಿನ ಅಡಿಯಲ್ಲಿ ಕೆಂಪು: ಮಲೆನಾಡಿನ ಕಾಡು ಬರೆದ ನನ್ನ ಅನುಭವ

ಮಳೆಗಾಲದ ಆಗುಂಬೆಯನ್ನು ತೈಲವರ್ಣದಲ್ಲಿ ಬರೆಯಲು ಕುಳಿತವರಿಗೆಲ್ಲ ಎದುರಾಗುವ ತೊಡಕೆಂದರೆ, ಕಣ್ಣು ಹಾಯಿಸಿದಲ್ಲೆಲ್ಲ ಹಸಿರೇ ಇದ್ದರೂ ಕ್ಯಾನ್ವಾಸಿನ ಮೇಲೆ ಆ ಹಸಿರಿಗೆ ಜೀವ ಬರುವುದಿಲ್ಲ. ಇಡೀ ಕ್ಯಾನ್ವಾಸಿಗೆ ಮೊದಲು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬಳಿದು, ಅದರ ಮೇಲೆ ಕಾಡನ್ನು ಬರೆಯುತ್ತೇನೆಂದು ನಾನು ಹೇಳಿದಾಗ ಹಿರಿಯ ಕಲಾವಿದರೊಬ್ಬರು, "ಕೆಂಪೂ ಹಸಿರೂ ಸೇರಿದರೆ ಕೆಸರಾಗುತ್ತೆ ಮಾರಾಯ, ಬಣ್ಣ ಯಾಕೆ ಹಾಳು ಮಾಡ್ತೀಯ?" ಎಂದಿದ್ದರು. ವರ್ಣಚಕ್ರದ ಎದುರುಬದುರು ಬಣ್ಣಗಳನ್ನು ಕಲಸಿದರೆ ಬೂದು ಬರುತ್ತದೆ ಎಂಬುದು ನಿಜವೇ. ಆದರೆ ಅವೇ ಬಣ್ಣಗಳು ಕಲಸಿಕೊಳ್ಳದೆ ಪಕ್ಕಪಕ್ಕದಲ್ಲಿದ್ದರೆ ಒಂದನ್ನೊಂದು ಎತ್ತಿ ತೋರಿಸುತ್ತವೆ. ಪ್ಯಾರಿಸ್ಸಿನ ಗೊಬ್ಲಾ ಚಿತ್ರಗಂಬಳಿ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್ ಇದನ್ನು 1839ರಲ್ಲೇ ವಿವರವಾಗಿ ಬರೆದಿಟ್ಟಿದ್ದಾನೆ. ನನಗೆ ಬೇಕಿದ್ದದ್ದು ಎಲೆಗಳ ಸಂದಿನಲ್ಲಿ ಇಣುಕುವ ಆ ಕೆಂಪು ಮಾತ್ರ.

ಮೊದಲ ವರ್ಷ ಹಿರಿಯರ ಮಾತೇ ಗೆದ್ದಂತೆ ಕಂಡಿತು. ತೈಲವರ್ಣದ ತಳಲೇಪ ಮಳೆಗಾಲದ ತೇವದಲ್ಲಿ ಹತ್ತು ದಿನವಾದರೂ ಪೂರ್ತಿ ಒಣಗದೆ, ಪ್ರತಿ ಕುಂಚದೆಳೆತಕ್ಕೂ ಮೇಲೆದ್ದು ಹಸಿರನ್ನು ಕಂದಾಗಿಸುತ್ತಿತ್ತು. ಏಳೆಂಟು ಕ್ಯಾನ್ವಾಸುಗಳು ಹೀಗೆಯೇ ಹೋದವು. ಬಟ್ಟೆ, ಬಣ್ಣ, ಟರ್ಪೆಂಟೈನ್ ಎಲ್ಲ ಸೇರಿ ಹತ್ತು ಹನ್ನೆರಡು ಸಾವಿರ ರೂಪಾಯಿಯಾದರೂ ಕರಗಿರಬೇಕು. ತಳಲೇಪವನ್ನು ನೀರಿನಲ್ಲಿ ತೆಳುಗೊಳಿಸುವ ಅಕ್ರಿಲಿಕ್ ಬಣ್ಣಕ್ಕೆ ಬದಲಾಯಿಸಿದ ಮೇಲೆ ಆ ತೊಂದರೆ ತೀರಿತು. ಅದು ಅರ್ಧ ದಿನದಲ್ಲಿ ಒಣಗುತ್ತದೆ, ಮೇಲಿನ ತೈಲವರ್ಣದೊಂದಿಗೆ ಕಲಸಿಕೊಳ್ಳುವುದೂ ಇಲ್ಲ.

ಆನಂತರದ ತೊಂದರೆ ಇದಕ್ಕಿಂತ ಸೂಕ್ಷ್ಮವಾಗಿತ್ತು. ಮುಂದಿನ ಮರಗಳು ಚೆನ್ನಾಗಿ ಬಂದರೂ ದೂರದ ಬೆಟ್ಟಗಳು ಹಿಂದೆ ಸರಿಯದೆ ಮುಂದಕ್ಕೆ ನುಗ್ಗಿದಂತೆ ಕಾಣುತ್ತಿದ್ದವು. ಮೊಬೈಲಿನಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆದು ನೋಡಿದಾಗ ಕಾರಣ ತಿಳಿಯಿತು: ತಳದ ಕೆಂಪು ಮತ್ತು ಬೆಟ್ಟದ ಹಸಿರಿನ ಗಾಢತೆ ಒಂದೇ ಆಗಿದ್ದುದರಿಂದ ಅವುಗಳ ಅಂಚುಗಳು ಕಣ್ಣಿನಲ್ಲಿ ಅದುರುತ್ತಿದ್ದವು. ಹತ್ತಿರದ ಪೊದೆಗೆ ಆ ಅದುರು ಬೇಕು, ದೂರಕ್ಕೆ ಬೇಡ. ಈಗ ಕ್ಯಾನ್ವಾಸಿನ ಕೆಳಗಿನ ಮೂರನೆಯ ಎರಡು ಭಾಗಕ್ಕೆ ಮಾತ್ರ ಸಿಯೆನ್ನಾ ಬಳಿಯುತ್ತೇನೆ; ಮೇಲ್ಭಾಗಕ್ಕೆ ಬೇರೆಯೇ ಒಂದು ತಿಳಿ ಬೂದುನೇರಳೆ ಹೋಗುತ್ತದೆ. ಅದರ ಪಾಕವನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಟ್ಯೂಬಿನ ಹಸಿರನ್ನು ಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಅಲ್ಟ್ರಾಮರೀನ್ ಎಂಬ ಗಾಢ ನೀಲಿ, ತಂಪು ಛಾಯೆಯ ಹಳದಿ ಒಂದು, ಅಲ್ಪ ಸಿಯೆನ್ನಾ, ಇಷ್ಟರಲ್ಲಿ ಕಾಡಿನ ಬಹುಪಾಲು ಹಸಿರು ಸಿಗುತ್ತದೆ. ನೆರಳಿಗೆ ಕಪ್ಪಿನ ಬದಲು ಅಲ್ಟ್ರಾಮರೀನಿಗೆ ಸಿಯೆನ್ನಾ ಬೆರೆಸುತ್ತೇನೆ. ಬಿಸಿಲು ಬಿದ್ದ ಎಲೆಯನ್ನು ಟೈಟಾನಿಯಂ ವೈಟ್‌ನಿಂದ ತಿಳಿಗೊಳಿಸಿದರೆ ಸುಣ್ಣ ಹೊಡೆದಂತಾಗುತ್ತದೆ, ಆದ್ದರಿಂದ ಅಲ್ಲಿ ಹಳದಿಯನ್ನೇ ಹೆಚ್ಚಿಸಬೇಕು. ಕ್ಯಾಡ್ಮಿಯಂ ಲೋಹದಿಂದ ಮಾಡಿದ ದುಬಾರಿ ಬಣ್ಣದ ಒಂದು ಟ್ಯೂಬಿಗೆ ಕೊಡುವ ಹಣದಲ್ಲಿ ಸಿಯೆನ್ನಾದ ಮೂರು ನಾಲ್ಕು ಟ್ಯೂಬು ಬರುವುದರಿಂದ ಒಂದು ಚಿತ್ರದ ಬಣ್ಣದ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ.

ಈ ನಡುವೆ ಊರಿನ ಕೆಮ್ಮಣ್ಣನ್ನೇ ಬಣ್ಣವಾಗಿಸಲೂ ನೋಡಿದೆ. ನೀರಿನಲ್ಲಿ ಕದಡಿ, ಮರಳು ತಳಕ್ಕಿಳಿದ ಮೇಲೆ ಮೇಲಿನ ಕೆಂಪು ನೀರನ್ನು ಬಸಿದು, ಮತ್ತೆ ಮತ್ತೆ ತೊಳೆದು ಒಣಗಿಸಿ, ಅಗಸೆ ಎಣ್ಣೆಯಲ್ಲಿ ಗಾಜಿನ ಮೇಲೆ ಅರೆದೆ. ಒಂದು ಬಕೆಟ್ ಮಣ್ಣಿಗೆ ಎರಡು ಹಿಡಿ ಪುಡಿಯಷ್ಟೇ ಸಿಕ್ಕಿತು. ಆ ಕೆಂಪು ಕಬ್ಬಿಣದ ಆಕ್ಸೈಡಿನದ್ದಾದ್ದರಿಂದ ಬಿಸಿಲಿಗೆ ಮಾಸುವ ಭಯವಿಲ್ಲ. ಆದರೆ ಎಣ್ಣೆ ವಿಪರೀತ ಕುಡಿಯುತ್ತದೆ, ಒಂದೊಂದು ಪಾಕದಲ್ಲಿ ಒಂದೊಂದು ಛಾಯೆ ಬರುತ್ತದೆ. ಮುಂದಿನ ನೆಲ ಮತ್ತು ದಾರಿಗೆ ಮಾತ್ರ ಅದನ್ನು ಬಳಸುತ್ತೇನೆ, ಅಲ್ಲಿ ಅಂಗಡಿಯ ಯಾವ ಟ್ಯೂಬೂ ಅದಕ್ಕೆ ಸಾಟಿಯಿಲ್ಲ.

ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಈ ಕಾಡಿನ ಚಿತ್ರಗಳನ್ನು ಒಯ್ದಿದ್ದಾಗ ಮಧ್ಯಾಹ್ನದೊಳಗೆ ಅರ್ಧಕ್ಕಿಂತ ಹೆಚ್ಚು ಮಾರಾಟವಾದವು. ಕೆಸರಾಗುತ್ತದೆ ಎಂದಿದ್ದ ಹಿರಿಯರು ಈಚೆಗೆ ಫೋನ್ ಮಾಡಿ, ತಳಲೇಪಕ್ಕೆ ನೀರು ಎಷ್ಟು ಸೇರಿಸಬೇಕು ಎಂದು ಕೇಳಿದರು. ಒಂದು ಪಾಲು ಬಣ್ಣಕ್ಕೆ ಅರ್ಧ ಪಾಲು ನೀರು ಸಾಕು, ಎರಡನೆಯ ಲೇಪ ಬೇಡ ಎಂದು ತಿಳಿಸಿದ್ದೇನೆ.